ಜೋಕಿಚಿ ತಕಾಮಿನೆ

ಜೋಕಿಚಿ ತಕಾಮಿನೆ (ನವೆಂಬರ್ 3, 1854 – ಜುಲೈ 22, 1922) ಜಪಾನಿನ ಪ್ರಸಿದ್ಧ ರಸಾಯನವಿಜ್ಞಾನಿ ಹಾಗೂ ಉದ್ಯಮಿ. ಹಿಟ್ಟಿನ ಗಿರಣಿಗಳಲ್ಲಿ ಉಳಿಯುವ ಗೋಧಿ ತೌಡಿನ ಮೇಲೆ ಕೋಜಿ ಎಂಬ ಬೂಷ್ಟನ್ನು ಬೆಳೆಸಿ, ಅದರ ಕಿಣ್ವಗಳಿಂದ ಧಾನ್ಯದ ಪಿಷ್ಟವನ್ನು ಸಕ್ಕರೆಯಾಗಿಸಿ, ಆ ಸಕ್ಕರೆಯನ್ನು ಯೀಸ್ಟಿನಿಂದ ಹುದುಗಿಸಿ ಮದ್ಯಸಾರ ಪಡೆಯುವ ವಿಧಾನವನ್ನು ಇವರು ಅಮೆರಿಕದಲ್ಲಿ ಕಾರ್ಖಾನೆಯ ಮಟ್ಟಕ್ಕೆ ತಂದರು. ಇದೇ ತೌಡಿನ ಕೋಜಿಯಿಂದ ಟಾಕಾ-ಡಯಾಸ್ಟೇಸ್ ಎಂಬ ಜೀರ್ಣಕಾರಿ ಔಷಧವನ್ನು ತಯಾರಿಸಿ 1894ರಲ್ಲಿ ಪೇಟೆಂಟು ಪಡೆದರು. ಸೂಕ್ಷ್ಮಜೀವಿಯಿಂದ ಪಡೆದ ಕಿಣ್ವವೊಂದಕ್ಕೆ ಅಮೆರಿಕದಲ್ಲಿ ದೊರೆತ ಮೊದಲ ಪೇಟೆಂಟು ಇದೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಅಡ್ರಿನಲಿನ್ ಹಾರ್ಮೋನನ್ನು ಶುದ್ಧ ಹರಳಿನ ರೂಪದಲ್ಲಿ ಬೇರ್ಪಡಿಸಿದ ಕೀರ್ತಿಯೂ ಇವರ ಪ್ರಯೋಗಾಲಯಕ್ಕೆ ಸಲ್ಲುತ್ತದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್ ನಗರದ ಚೆರ್ರಿ ಮರಗಳ ಹಿಂದೆಯೂ ಇವರ ಹಣ ಮತ್ತು ಪ್ರಯತ್ನಗಳಿವೆ.

ಜನನ ಮತ್ತು ವಿದ್ಯಾಭ್ಯಾಸ

ತಕಾಮಿನೆ ಜನಿಸಿದ್ದು ಜಪಾನಿನ ಪಶ್ಚಿಮ ಕರಾವಳಿಯ ಕಡೆಗಿರುವ ತಕಾಓಕಾ ಪಟ್ಟಣದಲ್ಲಿ. ಅದು ಈಗಿನ ತೊಯಾಮಾ ಪ್ರಾಂತಕ್ಕೆ ಸೇರಿದೆ. ತಂದೆ ಸೇಯಿಚಿ ಕಾಗಾ ಸಂಸ್ಥಾನದ ಮಾಯೆದಾ ದೊರೆಗಳ ಆಶ್ರಯದಲ್ಲಿದ್ದ ವೈದ್ಯರು. ಡಚ್ಚರ ಮೂಲಕ ಜಪಾನಿಗೆ ಬಂದ ಪಾಶ್ಚಾತ್ಯ ವಿದ್ಯೆಯನ್ನು ಬಲ್ಲವರು. ತಾಯಿ ಯುಕಿಕೊ ಅವರ ತವರುಮನೆಯದು ಸಾಕೆ ಎಂಬ ಅಕ್ಕಿಯ ಮದ್ಯವನ್ನು ತಯಾರಿಸುವ ಕುಟುಂಬ. ಒಂದು ಕಡೆ ಔಷಧ, ಇನ್ನೊಂದು ಕಡೆ ಹುದುಗು. ಮಗನ ಮುಂದಿನ ಜೀವನವೆಲ್ಲ ಈ ಎರಡರ ನಡುವೆಯೇ ಸಾಗಿತು. ಜೋಕಿಚಿ ಕೂಸಾಗಿದ್ದಾಗಲೇ ಕುಟುಂಬವು ಸಂಸ್ಥಾನದ ರಾಜಧಾನಿ ಕನಾಜಾವಾಕ್ಕೆ ಬಂದು ನೆಲೆಸಿತು.

ಆ ಕಾಲದಲ್ಲಿ ಜಪಾನು ತನ್ನ ಮುಚ್ಚಿದ ಬಾಗಿಲುಗಳನ್ನು ಆಗಷ್ಟೇ ತೆರೆಯುತ್ತಿತ್ತು. ಸಂಸ್ಥಾನಗಳು ಚುರುಕಾದ ಹುಡುಗರನ್ನು ಆರಿಸಿ ವಿದೇಶಿ ಭಾಷೆ ಮತ್ತು ವಿಜ್ಞಾನ ಕಲಿಯಲು ಬಂದರು ಪಟ್ಟಣಗಳಿಗೆ ಕಳುಹಿಸುತ್ತಿದ್ದವು. ಹಾಗೆ ಆಯ್ಕೆಯಾದ ಜೋಕಿಚಿ ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ ನಾಗಸಾಕಿಗೆ ಹೋಗಿ ಇಂಗ್ಲಿಷ್ ಕಲಿತರು. ಮುಂದೆ ಒಸಾಕಾದಲ್ಲಿ ವೈದ್ಯಶಾಸ್ತ್ರ ಓದಲಾರಂಭಿಸಿದರೂ ಮನಸ್ಸು ರಸಾಯನಶಾಸ್ತ್ರದ ಕಡೆಗೆ ವಾಲಿತು. ತಂದೆಯ ವೃತ್ತಿಯನ್ನು ಬಿಟ್ಟು ಟೋಕಿಯೋದ ಇಂಜಿನಿಯರಿಂಗ್ ಕಾಲೇಜನ್ನು ಸೇರಿದರು. ಸ್ಕಾಟ್ಲೆಂಡಿನ ಹೆನ್ರಿ ಡೈಯರ್ ಅದರ ಮುಖ್ಯಸ್ಥರು; ರಸಾಯನಶಾಸ್ತ್ರ ಬೋಧಿಸುತ್ತಿದ್ದವರು ಎಡ್ವರ್ಡ್ ಡೈವರ್ಸ್. 1879ರಲ್ಲಿ ಆ ಕಾಲೇಜಿನಿಂದ ಹೊರಬಂದ ಮೊದಲ ತಂಡದ ಪದವೀಧರರಲ್ಲಿ ತಕಾಮಿನೆ ಒಬ್ಬರು. ಮರುವರ್ಷ ಸರಕಾರವು ಇವರನ್ನು ಗ್ಲಾಸ್ಗೋ ನಗರಕ್ಕೆ ಕಳುಹಿಸಿತು. ಅಲ್ಲಿ ಸುಮಾರು ಮೂರು ವರ್ಷ ಓದಿ, ರಜೆಯ ದಿನಗಳಲ್ಲಿ ಕಾರ್ಖಾನೆಗಳನ್ನು ನೋಡಿ, 1883ರಲ್ಲಿ ಸ್ವದೇಶಕ್ಕೆ ಮರಳಿ ಕೃಷಿ ಮತ್ತು ವಾಣಿಜ್ಯ ಇಲಾಖೆಯನ್ನು ಸೇರಿದರು.

ವಿದೇಶದಲ್ಲಿ ಕಲಿತು ಬಂದ ಆ ತಲೆಮಾರಿನ ಅನೇಕರು ಪಶ್ಚಿಮದ ಯಂತ್ರಗಳನ್ನು ಜಪಾನಿಗೆ ತರುವುದರಲ್ಲಿ ತೊಡಗಿದ್ದರು. ತಕಾಮಿನೆ ಅದನ್ನೂ ಮಾಡಿದರು. ಆದರೆ ಅವರಿಗೆ ಇನ್ನೊಂದು ಆಸಕ್ತಿಯೂ ಇತ್ತು: ಸಾಕೆ, ಕಾಗದ, ನೀಲಿಬಣ್ಣ ಮುಂತಾದ ದೇಶೀ ಕಸುಬುಗಳಲ್ಲಿ ಅಡಗಿದ ರಸಾಯನವನ್ನು ಅರಿತು, ಅದನ್ನು ಹೊರಜಗತ್ತಿಗೆ ಒಯ್ಯುವುದು.

ರಸಗೊಬ್ಬರ, ಪೇಟೆಂಟು ಕಚೇರಿ, ವಿವಾಹ

1884ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ನಡೆದ ಹತ್ತಿ ಶತಮಾನೋತ್ಸವದ ವಿಶ್ವ ಪ್ರದರ್ಶನಕ್ಕೆ ತಕಾಮಿನೆ ಜಪಾನಿನ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಹೋದರು. ಅಲ್ಲಿಂದ ಅವರು ಎರಡು ಸಂಬಂಧಗಳನ್ನು ಗಳಿಸಿ ಬಂದರು. ಮೊದಲನೆಯದು ಪ್ರದರ್ಶನದಲ್ಲಿ ಕಂಡ ಫಾಸ್ಫೇಟ್ ಶಿಲೆ. ಬೂದಿ, ಸಗಣಿ, ಮೀನಿನ ಗೊಬ್ಬರಗಳನ್ನೇ ನಂಬಿದ್ದ ಜಪಾನಿನ ರೈತರಿಗೆ ಈ ಶಿಲೆಯಿಂದ ತಯಾರಿಸುವ ಸೂಪರ್ ಫಾಸ್ಫೇಟ್ ಉಪಯೋಗವಾದೀತೆಂದು ಅವರಿಗೆ ಹೊಳೆಯಿತು. ಎರಡನೆಯದು ಆ ಊರಿನ ತರುಣಿ ಕ್ಯಾರೊಲಿನ್ ಹಿಚ್ ಅವರ ಪರಿಚಯ; ಅದು ನಿಶ್ಚಿತಾರ್ಥದವರೆಗೆ ಬೆಳೆಯಿತು.

ಸ್ವದೇಶಕ್ಕೆ ಮರಳಿದ ಮೇಲೆ ಹೊಸದಾಗಿ ಸ್ಥಾಪನೆಯಾದ ಪೇಟೆಂಟು ಕಚೇರಿಯಲ್ಲಿ ತಕಾಹಾಶಿ ಕೊರೆಕಿಯೊ ಅವರ ಕೈಕೆಳಗೆ ಕೆಲಸ ಮಾಡಿ, ಅವರು ವಿದೇಶದಲ್ಲಿದ್ದಾಗ ಕಚೇರಿಯ ಹೊಣೆಯನ್ನೂ ಹೊತ್ತರು. ಈ ತಕಾಹಾಶಿ ಮುಂದೆ ಜಪಾನಿನ ಪ್ರಧಾನಮಂತ್ರಿಯಾದರು. ಆವಿಷ್ಕಾರವನ್ನು ಕಾನೂನಿನ ಬೇಲಿಯೊಳಗೆ ಕಾಪಾಡಿಕೊಳ್ಳುವುದು ಹೇಗೆಂಬ ಪಾಠವನ್ನು ತಕಾಮಿನೆ ಕಲಿತದ್ದು ಈ ಕಚೇರಿಯಲ್ಲಿ. ಅವರ ಸಮಕಾಲೀನರಾದ ಅನೇಕ ವಿಜ್ಞಾನಿಗಳಿಗೆ ಈ ಪಾಠ ತಿಳಿದಿರಲಿಲ್ಲ, ಕೆಲವರಿಗೆ ಅದು ಬೇಕಾಗಿಯೂ ಇರಲಿಲ್ಲ.

1887ರಲ್ಲಿ ಉದ್ಯಮಿಗಳಾದ ಶಿಬುಸಾವಾ ಎಯಿಚಿ ಮತ್ತು ಮಸುದಾ ತಕಾಶಿ ಅವರ ಬೆಂಬಲದಿಂದ ಟೋಕಿಯೋ ಕೃತಕ ಗೊಬ್ಬರ ಕಂಪನಿ ಆರಂಭವಾಯಿತು. ಅದೇ ವರ್ಷ ಆಗಸ್ಟ್ 10ರಂದು ನ್ಯೂ ಆರ್ಲಿಯನ್ಸಿನಲ್ಲಿ ಕ್ಯಾರೊಲಿನ್ ಅವರೊಂದಿಗೆ ವಿವಾಹ ನಡೆಯಿತು. ದಂಪತಿಗಳು ಟೋಕಿಯೋದಲ್ಲಿ ಸಂಸಾರ ಹೂಡಿದರು. ಜೋಕಿಚಿ ಮತ್ತು ಎಬೆನ್ ಎಂಬ ಇಬ್ಬರು ಗಂಡುಮಕ್ಕಳಾದರು. ಭಾಷೆಯೂ ಬಾರದ, ತನ್ನವರೂ ಇಲ್ಲದ ಊರಿನಲ್ಲಿ ಕ್ಯಾರೊಲಿನ್ ಅವರ ಆ ವರ್ಷಗಳು ಸುಲಭವಾಗಿರಲಿಲ್ಲ.

ಕೋಜಿ ಮತ್ತು ಮಾಲ್ಟ್

ತಕಾಮಿನೆಯವರ ಮುಖ್ಯ ಸಾಧನೆಯನ್ನು ಅರಿಯಬೇಕಾದರೆ ಮದ್ಯಸಾರ ತಯಾರಿಕೆಯ ಒಂದು ಮೂಲಭೂತ ತೊಡಕನ್ನು ತಿಳಿಯಬೇಕು. ಯೀಸ್ಟ್ ಎಂಬ ಏಕಕೋಶ ಜೀವಿಯು ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈ ಆಕ್ಸೈಡನ್ನಾಗಿಯೂ ಒಡೆಯುತ್ತದೆ. ದ್ರಾಕ್ಷಿಯ ರಸ, ಕಬ್ಬಿನ ಕಾಕಂಬಿ, ಈಚಲ ನೀರು ಇವುಗಳಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುವುದರಿಂದ ಯೀಸ್ಟಿಗೆ ಕೆಲಸ ಸುಲಭ. ಧಾನ್ಯಗಳಲ್ಲಿ ಇರುವುದಾದರೋ ಪಿಷ್ಟ. ಪಿಷ್ಟದ ಉದ್ದನೆಯ ಸರಪಳಿಯನ್ನು ಮದ್ಯ ತಯಾರಿಕೆಯ ಯೀಸ್ಟು ತಾನಾಗಿ ಕತ್ತರಿಸಲಾರದು. ಮೊದಲು ಬೇರೆ ಯಾರಾದರೂ ಅದನ್ನು ಸಕ್ಕರೆಯಾಗಿ ತುಂಡರಿಸಿ ಕೊಡಬೇಕು.

ಈ ಕೆಲಸಕ್ಕೆ ಪಶ್ಚಿಮದವರು ಬಳಸಿದ್ದು ಮಾಲ್ಟನ್ನು. ಬಾರ್ಲಿ ಕಾಳನ್ನು ನೆನೆಸಿ ಮೊಳಕೆ ಬರಿಸಿದಾಗ ಕಾಳಿನೊಳಗೆ ಪಿಷ್ಟವನ್ನು ಕರಗಿಸುವ ಕಿಣ್ವ ಹುಟ್ಟುತ್ತದೆ. ಆ ಕಾಳನ್ನು ಒಣಗಿಸಿ ಪುಡಿಮಾಡಿ ಬೇಯಿಸಿದ ಧಾನ್ಯಕ್ಕೆ ಬೆರೆಸಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಈ ಕಿಣ್ವವನ್ನು 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಬೇರ್ಪಡಿಸಿ ಡಯಾಸ್ಟೇಸ್ ಎಂದು ಹೆಸರಿಟ್ಟಿದ್ದರು. ನಮ್ಮಲ್ಲಿ ಮೊಳಕೆ ಬರಿಸಿದ ರಾಗಿಯ ಹಿಟ್ಟಿನಿಂದ ಮಾಡಿದ ಗಂಜಿ ತೆಳುವಾಗಿ, ತುಸು ಸಿಹಿಯಾಗಿ ಇರುವುದಕ್ಕೂ ಕಾರಣ ಇದೇ.

ಜಪಾನೀಯರ ದಾರಿ ಬೇರೆ. ಅವರು ಬೇಯಿಸಿದ ಅಕ್ಕಿಯ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸುತ್ತಾರೆ. ಬೂಷ್ಟು ಹಿಡಿದ ಈ ಅಕ್ಕಿಯೇ ಕೋಜಿ. ಶತಮಾನಗಳಿಂದ ಸಾಕೆಯ ಜೊತೆಗೆ ಸೋಯಾ ರಸ, ಮಿಸೊ ಮುಂತಾದ ಅಡುಗೆ ಪದಾರ್ಥಗಳಿಗೂ ಇದೇ ಆಧಾರ. ಈ ಬೂಷ್ಟಿನ ವೈಜ್ಞಾನಿಕ ಹೆಸರು ಆಸ್ಪರ್ಜಿಲಸ್ ಒರೈಜೆ. ಟೋಕಿಯೋದಲ್ಲಿ ಅಧ್ಯಾಪಕರಾಗಿದ್ದ ರಾಬರ್ಟ್ ಅಟ್ಕಿನ್ಸನ್ 1881ರಲ್ಲಿ ಸಾಕೆ ತಯಾರಿಕೆಯ ರಸಾಯನವನ್ನು ಕುರಿತು ಪುಸ್ತಕವನ್ನೇ ಪ್ರಕಟಿಸಿದ್ದರು. ಆದುದರಿಂದ ಕೋಜಿಯ ಶಕ್ತಿ ವಿಜ್ಞಾನಿಗಳಿಗೆ ಅಪರಿಚಿತವೇನೂ ಆಗಿರಲಿಲ್ಲ. ಅದನ್ನು ಜಪಾನಿನ ಹೊರಗೆ, ಜೋಳ ಮತ್ತು ಗೋಧಿಯ ನಾಡಿನಲ್ಲಿ, ದೊಡ್ಡ ಕಾರ್ಖಾನೆಗೆ ಹೊಂದಿಸಬಹುದೆಂಬ ಕಲ್ಪನೆ ತಕಾಮಿನೆಯವರದು.

ಅವರು ಮಾಡಿದ ಮುಖ್ಯ ಬದಲಾವಣೆ ಅಕ್ಕಿಯನ್ನು ಕೈಬಿಟ್ಟದ್ದು. ಊಟಕ್ಕೆ ಯೋಗ್ಯವಾದ ಧಾನ್ಯವನ್ನು ಬೂಷ್ಟಿಗೆ ಉಣಿಸುವ ಬದಲು, ಗಿರಣಿಯಲ್ಲಿ ಹಿಟ್ಟಿನಿಂದ ಬೇರ್ಪಟ್ಟು ದನದ ಮೇವಾಗಿ ಅಗ್ಗದಲ್ಲಿ ಮಾರಾಟವಾಗುತ್ತಿದ್ದ ಗೋಧಿ ತೌಡನ್ನು ಅವರು ಆರಿಸಿಕೊಂಡರು. ತೌಡಿನಲ್ಲಿ ಬೂಷ್ಟಿಗೆ ಸಾಕಾಗುವಷ್ಟು ಪಿಷ್ಟ, ಸಸಾರಜನಕ, ಲವಣಗಳು ಉಳಿದಿರುತ್ತವೆ. ಚಕ್ಕೆಚಕ್ಕೆಯಾಗಿರುವುದರಿಂದ ಒದ್ದೆಯಾದರೂ ಮುದ್ದೆಗಟ್ಟದೆ, ಸಂದುಗಳಲ್ಲಿ ಗಾಳಿಯಾಡುತ್ತದೆ. ಗಾಳಿಯಿಲ್ಲದೆ ಬೂಷ್ಟು ಬೆಳೆಯದು. ಮೇವೆಂದು ಎಸೆದ ಪದಾರ್ಥವೇ ಅಕ್ಕಿಗಿಂತ ಈ ಕೆಲಸಕ್ಕೆ ಅನುಕೂಲವಾಗಿ ಒದಗಿತು.

ವಿಧಾನ ಹೀಗಿತ್ತು. ತೌಡಿಗೆ ನೀರು ಬೆರೆಸಿ ಹಬೆಯಲ್ಲಿ ಬೇಯಿಸಲಾಗುತ್ತಿತ್ತು. ಇದರಿಂದ ಪಿಷ್ಟ ಮೆತ್ತಗಾಗುವುದಲ್ಲದೆ ಬೇಡದ ಸೂಕ್ಷ್ಮಜೀವಿಗಳೂ ಸಾಯುತ್ತಿದ್ದವು. ಆರಿದ ತೌಡಿಗೆ ಕೋಜಿಯ ಬೀಜಾಣುಗಳನ್ನು ಬೆರೆಸಿ, ತೇವವಾದ ಬೆಚ್ಚನೆಯ ಕೋಣೆಯಲ್ಲಿ ತೆಳುವಾಗಿ ಹರಡಲಾಗುತ್ತಿತ್ತು. ಕೆಲವು ಗಂಟೆಗಳಲ್ಲಿ ಬಿಳಿಯ ಎಳೆಗಳು ಮೂಡಿ ತೌಡನ್ನೆಲ್ಲ ಹೆಣೆಯುತ್ತಿದ್ದವು. ಬೆಳೆಯುವ ಬೂಷ್ಟು ತಾನೇ ಬಿಸಿಯನ್ನು ಹೊರಹಾಕುವುದರಿಂದ ಆಗಾಗ ಮಗುಚಿ ಆರಿಸಬೇಕಾಗಿತ್ತು. ಅಜಾಗರೂಕತೆಯಾದರೆ ಇಡೀ ರಾಶಿ ಕೆಟ್ಟುಹೋಗುತ್ತಿತ್ತು. ಸುಮಾರು ಎರಡು ದಿನಗಳಲ್ಲಿ, ಹಳದಿ-ಹಸಿರು ಬೀಜಾಣುಗಳು ತುಂಬುವ ಮೊದಲೇ, ಬೆಳವಣಿಗೆಯನ್ನು ನಿಲ್ಲಿಸಿದರೆ ಕಿಣ್ವ ಹೇರಳವಾಗಿರುವ ಕೋಜಿ ಸಿದ್ಧ. ಇದನ್ನು ಬೇಯಿಸಿ ಕದಡಿದ ಜೋಳದ ಹಿಟ್ಟಿಗೆ ಮಾಲ್ಟಿನ ಬದಲಾಗಿ ಬೆರೆಸಿದರೆ ಪಿಷ್ಟ ಸಕ್ಕರೆಯಾಗುತ್ತಿತ್ತು. ಅನಂತರ ಯೀಸ್ಟು ತನ್ನ ಕೆಲಸವನ್ನು ನಡೆಸುತ್ತಿತ್ತು. ಮಾಲ್ಟಿಗಾಗಿ ಬಾರ್ಲಿಯನ್ನು ಕೊಂಡು, ಅದನ್ನು ದಿನಗಟ್ಟಲೆ ನೆನೆಸಿ, ಮೊಳಕೆ ಬರಿಸಿ, ಗೂಡುಗಳಲ್ಲಿ ಒಣಗಿಸುವ ವೆಚ್ಚವೆಲ್ಲ ಉಳಿಯುತ್ತಿತ್ತು.

ಪಿಯೋರಿಯಾ

ಅಮೆರಿಕದಲ್ಲಿ ಆಗ ವಿಸ್ಕಿ ಉದ್ಯಮದ ಬಹುಭಾಗ ಒಂದೇ ಕೂಟದ ಹಿಡಿತದಲ್ಲಿತ್ತು. ಜನರು ವಿಸ್ಕಿ ಟ್ರಸ್ಟ್ ಎಂದು ಕರೆಯುತ್ತಿದ್ದ ಈ ಕೂಟದ ಅಧಿಕೃತ ಹೆಸರಿನಲ್ಲಿ ಮದ್ಯ ಬಟ್ಟಿಯಿಳಿಸುವಿಕೆಯ ಜೊತೆಗೆ ದನಗಳನ್ನು ಕೊಬ್ಬಿಸುವ ಕಸುಬೂ ಸೇರಿತ್ತು. ಬಟ್ಟಿಯಿಳಿಸಿದ ಮೇಲೆ ಉಳಿಯುವ ಗಸಿಯನ್ನು ದನಗಳಿಗೆ ತಿನ್ನಿಸಿ ಅದರಿಂದಲೂ ಲಾಭ ಪಡೆಯುತ್ತಿದ್ದುದೇ ಇದಕ್ಕೆ ಕಾರಣ. ಇಲಿನಾಯ್ ರಾಜ್ಯದ ಪಿಯೋರಿಯಾ ನಗರ ಇದರ ಕೇಂದ್ರ. ಜೋಸೆಫ್ ಗ್ರೀನ್‌ಹಟ್ ಇದರ ಅಧ್ಯಕ್ಷರು. ಕ್ಯಾರೊಲಿನ್ ಅವರ ತಾಯಿಯ ಪ್ರಯತ್ನದಿಂದ ತಕಾಮಿನೆಯವರ ವಿಧಾನದ ಸುದ್ದಿ ಈ ಕೂಟದವರನ್ನು ಮುಟ್ಟಿತು, ಆಹ್ವಾನವೂ ಬಂದಿತು.

ಆಹ್ವಾನವನ್ನು ಒಪ್ಪುವುದು ಸುಲಭವಾಗಿರಲಿಲ್ಲ. ಗೊಬ್ಬರದ ಕಂಪನಿ ಇನ್ನೂ ತನ್ನ ಕಾಲ ಮೇಲೆ ನಿಂತಿರಲಿಲ್ಲ. ಇವರ ಮಾತನ್ನು ನಂಬಿ ಹಣ ಹೂಡಿದವರು ಅಲ್ಲಿದ್ದರು. ಶಿಬುಸಾವಾ ಅವರಿಗೆ ಇವರ ನಿರ್ಗಮನ ಅಸಮಾಧಾನವನ್ನೇ ತಂದಿತು. ಮಸುದಾ ಹೋಗಿ ಬರಲೆಂದರು. 1890ರ ಕೊನೆಯಲ್ಲಿ ತಕಾಮಿನೆ ಹೆಂಡತಿ, ಇಬ್ಬರು ಚಿಕ್ಕ ಮಕ್ಕಳೊಂದಿಗೆ ಹಡಗನ್ನೇರಿದರು. ಗೊಬ್ಬರದ ಕಂಪನಿ ಅವರಿಲ್ಲದೆಯೂ ಉಳಿದು ಬೆಳೆಯಿತೆಂಬುದು ನಿಜ. ಆದರೂ ಅರ್ಧದಲ್ಲಿ ಕೈಬಿಟ್ಟ ಆ ಕೆಲಸದ ವಿಷಯದಲ್ಲಿ ಶಿಬುಸಾವಾ ಅವರ ಅಸಮಾಧಾನ ಅಕಾರಣವಾದುದೆಂದು ಹೇಳಲಾಗದು.

ಷಿಕಾಗೊದಲ್ಲಿ ನಡೆದ ಆರಂಭದ ಪ್ರಯೋಗಗಳು ಫಲ ನೀಡಿದ ಮೇಲೆ ಪಿಯೋರಿಯಾದ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸ ಆರಂಭವಾಯಿತು. ಸ್ಥಳೀಯ ಮಾಲ್ಟ್ ಉದ್ಯಮಕ್ಕೆ ಇದು ಸಾವುಬದುಕಿನ ಪ್ರಶ್ನೆಯಾಗಿ ಕಂಡಿತು. ಮಾಲ್ಟ್ ಗೋದಾಮುಗಳಲ್ಲಿ ಬಂಡವಾಳ ಹೂಡಿದವರೂ ಅಲ್ಲಿ ದುಡಿಯುತ್ತಿದ್ದ ಕೆಲಸಗಾರರೂ ಈ ಪರದೇಶಿಯನ್ನು ಶತ್ರುವಿನಂತೆ ನೋಡಿದರು. ಅವನು ಜಪಾನೀಯನೆಂಬುದು ಆ ದ್ವೇಷಕ್ಕೆ ಇನ್ನಷ್ಟು ಎಣ್ಣೆ ಎರೆಯಿತು. 1891ರಲ್ಲಿ ಒಂದು ರಾತ್ರಿ ಪ್ರಯೋಗ ನಡೆಯುತ್ತಿದ್ದ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಬೇಕೆಂದೇ ಹಚ್ಚಿದ ಬೆಂಕಿಯೆಂಬ ಶಂಕೆ ಅಂದೂ ಇತ್ತು, ಇಂದೂ ಇದೆ, ಸಾಬೀತಾಗಲಿಲ್ಲ.

ಇದರ ಬೆನ್ನಿಗೇ ತಕಾಮಿನೆ ಪಿತ್ತಜನಕಾಂಗದ ತೀವ್ರ ಕಾಯಿಲೆಯಿಂದ ಹಾಸಿಗೆ ಹಿಡಿದರು. ಪಿಯೋರಿಯಾದಲ್ಲಿ ಅಂಥ ಶಸ್ತ್ರಚಿಕಿತ್ಸೆಗೆ ಅನುಕೂಲವಿರಲಿಲ್ಲ. ಕ್ಯಾರೊಲಿನ್ ಅವರು ಗಂಡನನ್ನು ರೈಲಿನಲ್ಲಿ ಷಿಕಾಗೊಗೆ ಸಾಗಿಸಿ ಶಸ್ತ್ರಚಿಕಿತ್ಸೆ ಮಾಡಿಸಿ ಬದುಕಿಸಿಕೊಂಡರು. ಚೇತರಿಸಿಕೊಂಡ ತಕಾಮಿನೆ ಮತ್ತೆ ಪಿಯೋರಿಯಾಕ್ಕೆ ಮರಳಿ ಕೆಲಸವನ್ನು ಮುಂದುವರಿಸಿದರು. ಆದರೆ ಕೂಟವೇ ಒಳಗಿನಿಂದ ಕುಸಿಯತೊಡಗಿತ್ತು; 1895ರಲ್ಲಿ ಅದು ನ್ಯಾಯಾಲಯ ನೇಮಿಸಿದ ಅಧಿಕಾರಿಗಳ ವಶಕ್ಕೆ ಹೋಯಿತು. ಕೋಜಿ ವಿಸ್ಕಿಯ ಕನಸು ಅಲ್ಲಿಗೆ ಮುಗಿಯಿತು. ವಿಧಾನ ಸೋತದ್ದರಿಂದಲ್ಲ, ಅದನ್ನು ನಡೆಸಬೇಕಾದವರು ಇಲ್ಲವಾದುದರಿಂದ.

ಟಾಕಾ-ಡಯಾಸ್ಟೇಸ್

ಕೈಯಲ್ಲಿ ಉಳಿದಿದ್ದುದು ತೌಡಿನ ಕೋಜಿಯೊಂದೇ. ಅದು ವಿಸ್ಕಿಯ ಪೀಪಾಯಿಯಲ್ಲಿ ಪಿಷ್ಟವನ್ನು ಕರಗಿಸಬಲ್ಲುದಾದರೆ ಮನುಷ್ಯನ ಹೊಟ್ಟೆಯಲ್ಲಿ ಏಕೆ ಕರಗಿಸಬಾರದು? ತಕಾಮಿನೆ ತೌಡಿನ ಕೋಜಿಯನ್ನು ನೀರಿನಲ್ಲಿ ನೆನೆಸಿ ಸಾರ ತೆಗೆದು, ಆ ಸಾರಕ್ಕೆ ಮದ್ಯಸಾರ ಬೆರೆಸಿದರು. ಕಿಣ್ವವು ಮದ್ಯಸಾರದಲ್ಲಿ ಕರಗದೆ ಒತ್ತರಿಸಿ ತಳಕ್ಕಿಳಿಯಿತು. ಅದನ್ನು ಸೋಸಿ ಒಣಗಿಸಿದಾಗ ದೊರೆತ ಪುಡಿ ತನ್ನ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಪಿಷ್ಟವನ್ನು ಕರಗಿಸಬಲ್ಲುದಾಗಿತ್ತು. 1894ರ ಸೆಪ್ಟೆಂಬರ್ 11ರಂದು 525823ನೆಯ ಸಂಖ್ಯೆಯ ಅಮೆರಿಕನ್ ಪೇಟೆಂಟು ದೊರೆಯಿತು. ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಇದಕ್ಕೆ ಟಾಕಾ-ಡಯಾಸ್ಟೇಸ್ ಎಂದು ಹೆಸರಿಟ್ಟರು.

ಡೆಟ್ರಾಯಿಟ್ ನಗರದ ಪಾರ್ಕ್-ಡೇವಿಸ್ ಔಷಧ ಕಂಪನಿ ಇದನ್ನು 1895ರಿಂದ ಮಾರಾಟ ಮಾಡಿತು. ಅಜೀರ್ಣದ ಔಷಧವಾಗಿ ಇದು ದೇಶದೇಶಗಳಲ್ಲಿ ಹರಡಿತು. ಜಪಾನಿನಲ್ಲಿ ಇದರ ಮಾರಾಟಕ್ಕೆಂದು 1899ರಲ್ಲಿ ಆರಂಭವಾದ ಸಾಂಕ್ಯೊ ಅಂಗಡಿಯು ಬೆಳೆದು 1913ರಲ್ಲಿ ಕಂಪನಿಯಾದಾಗ ತಕಾಮಿನೆಯವರೇ ಅದರ ಮೊದಲ ಅಧ್ಯಕ್ಷರಾದರು. ಕಾದಂಬರಿಕಾರ ನತ್ಸುಮೆ ಸೊಸೆಕಿಯವರ ಬೆಕ್ಕಿನ ಕಥೆಯ ಪ್ರಸಿದ್ಧ ಕಾದಂಬರಿಯಲ್ಲಿ ಹೊಟ್ಟೆನೋವಿನ ಮೇಷ್ಟ್ರು ಈ ಔಷಧವನ್ನು ಸೇವಿಸುತ್ತಾರೆ. ಕಾದಂಬರಿಯಲ್ಲಿ ಹೆಸರಿಸುವಷ್ಟು ಅದು ಮನೆಮಾತಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಮದ್ಯದಲ್ಲಿ ಕಳೆದ ಹಣವನ್ನೆಲ್ಲ ತಕಾಮಿನೆ ಈ ಪುಡಿಯಲ್ಲಿ ಗಳಿಸಿದರು.

ಅಡ್ರಿನಲಿನ್

1897ರಲ್ಲಿ ತಕಾಮಿನೆ ಕುಟುಂಬ ನ್ಯೂಯಾರ್ಕಿಗೆ ಬಂದಿತು. ಪಾರ್ಕ್-ಡೇವಿಸ್ ಕಂಪನಿ ಈ ಬಾರಿ ಅವರ ಮುಂದಿಟ್ಟದ್ದು ಬೇರೊಂದು ಸಮಸ್ಯೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಯ ಸಾರವು ರಕ್ತದ ಒತ್ತಡವನ್ನು ಏರಿಸುವುದೆಂದು ಆ ವೇಳೆಗೆ ತಿಳಿದಿತ್ತು. ಅದರ ಕ್ರಿಯಾಶೀಲ ವಸ್ತುವನ್ನು ಶುದ್ಧವಾಗಿ ಬೇರ್ಪಡಿಸಲು ಹಲವರು ಹೆಣಗುತ್ತಿದ್ದರು. ಅವರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಜಾನ್ ಜೇಕಬ್ ಏಬಲ್ ಮುಂಚೂಣಿಯಲ್ಲಿದ್ದರು. ಅವರು ಪಡೆದ ವಸ್ತುವಿಗೆ ಎಪಿನೆಫ್ರಿನ್ ಎಂದು ಹೆಸರಿಟ್ಟಿದ್ದರೂ ಅದು ಶುದ್ಧ ವಸ್ತುವಾಗಿರದೆ ಅದರ ಒಂದು ಸಂಯುಕ್ತವಾಗಿತ್ತು. ತಕಾಮಿನೆಯವರ ಕಚ್ಚಾವಸ್ತು ಈ ಬಾರಿಯೂ ಇತರರು ಬಿಸಾಡುವಂಥದೇ: ಕಸಾಯಿಖಾನೆಗಳಲ್ಲಿ ಉಳಿಯುವ ದನ ಮತ್ತು ಕುರಿಗಳ ಗ್ರಂಥಿಗಳು.

1900ರಲ್ಲಿ ಉಯೆನಾಕಾ ಕೇಯ್ಜೊ ಎಂಬ ತರುಣ ಸಹಾಯಕರು ಜಪಾನಿನಿಂದ ಬಂದು ಸೇರಿದರು. ಟೋಕಿಯೋದಲ್ಲಿ ನಾಗಾಯ್ ನಾಗಯೋಶಿಯವರ ಬಳಿ ಪಳಗಿದ ಕೈ ಅವರದು. ನ್ಯೂಯಾರ್ಕಿನ ಇಕ್ಕಟ್ಟಾದ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಅದೇ ವರ್ಷದ ಜುಲೈ ತಿಂಗಳಲ್ಲಿ ಉಯೆನಾಕಾ ಹರಳುಗಳನ್ನು ಪಡೆದರು. ನವೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹೋಯಿತು. ಅದರ ಮೇಲಿದ್ದುದು ತಕಾಮಿನೆಯವರ ಹೆಸರೊಂದೇ. ಸಮಸ್ಯೆಯನ್ನು ಆರಿಸಿ, ಹಣ ಹೊಂದಿಸಿ, ದಿಕ್ಕು ತೋರಿದವರು ತಕಾಮಿನೆ. ಹರಳನ್ನು ಕಂಡ ಕೈ ಉಯೆನಾಕಾರದು. ದಿನದಿನದ ಕೆಲಸವನ್ನು ಬರೆದಿಟ್ಟ ಉಯೆನಾಕಾರ ಕೈಬರಹದ ಟಿಪ್ಪಣಿ ಪುಸ್ತಕ ಇಂದಿಗೂ ಜಪಾನಿನ ನಿಶಿನೊಮಿಯಾ ಪ್ರದೇಶದ ಒಂದು ಬೌದ್ಧ ದೇವಾಲಯದಲ್ಲಿದೆ. ಅದನ್ನು ನೋಡಿದವರಿಗೆ ಈ ಸಂಶೋಧನೆಯನ್ನು ಒಬ್ಬರದೇ ಎಂದು ಹೇಳುವುದು ಕಷ್ಟ.

ಅತ್ತ ಏಬಲ್ ಅವರಿಗೂ ನೋವಿತ್ತು. ತಕಾಮಿನೆ ತಮ್ಮ ಪ್ರಯೋಗಾಲಯಕ್ಕೆ ಬಂದು ತಮ್ಮ ಕೆಲಸವನ್ನು ನೋಡಿಹೋಗಿದ್ದರೆಂದು ಅವರು ಮುಂದೆ ಬರೆದರು. ಇದರಿಂದ ತಕಾಮಿನೆ ಪರರ ವಿದ್ಯೆಯನ್ನು ಕದ್ದರೆಂಬ ಅಪವಾದವೂ ಹಬ್ಬಿತು. ಆದರೆ ಏಬಲ್ ಅವರ ವಿಧಾನದಿಂದ ಶುದ್ಧ ವಸ್ತು ದೊರೆಯುತ್ತಿರಲಿಲ್ಲವಾದುದರಿಂದ ಈ ಆರೋಪ ನಿಲ್ಲುವುದಿಲ್ಲ. ಪಾರ್ಕ್-ಡೇವಿಸ್ ಕಂಪನಿಯ ಥಾಮಸ್ ಆಲ್ಡ್ರಿಚ್ ಸ್ವತಂತ್ರವಾಗಿ ಅದೇ ವಸ್ತುವನ್ನು ಪಡೆದು 1901ರಲ್ಲಿ ಅದರ ಸರಿಯಾದ ಅಣುಸೂತ್ರವನ್ನು ಕೊಟ್ಟರು. ಹೆಸರಿನ ಜಗಳ ಮಾತ್ರ ಇಂದಿಗೂ ಮುಗಿದಿಲ್ಲ: ಅಮೆರಿಕದಲ್ಲಿ ಇದು ಎಪಿನೆಫ್ರಿನ್, ಬ್ರಿಟನ್ನಿನಲ್ಲಿ ಅಡ್ರಿನಲಿನ್. ನಮ್ಮ ಪಠ್ಯಪುಸ್ತಕಗಳಲ್ಲಿ ಎರಡನೆಯದೇ ರೂಢಿ.

ಪೇಟೆಂಟು 1903ರಲ್ಲಿ ಮಂಜೂರಾಯಿತು. ಪ್ರತಿಸ್ಪರ್ಧಿ ಮಲ್ಫೋರ್ಡ್ ಕಂಪನಿಯ ಮೇಲೆ ಪಾರ್ಕ್-ಡೇವಿಸ್ ಹೂಡಿದ ಮೊಕದ್ದಮೆಯಲ್ಲಿ, 1911ರಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ ತಕಾಮಿನೆಯವರ ಪೇಟೆಂಟನ್ನು ಎತ್ತಿಹಿಡಿದರು. ದೇಹದಲ್ಲಿ ಸಹಜವಾಗಿ ಇರುವ ವಸ್ತುವಾದರೂ ಬೇರ್ಪಡಿಸಿ ಶುದ್ಧಗೊಳಿಸಿದ ಮೇಲೆ ಅದು ಹೊಸ ಪದಾರ್ಥವೆಂಬುದು ತೀರ್ಪಿನ ತಿರುಳು. ಜೀನುಗಳ ಮೇಲೆ ಪೇಟೆಂಟು ಸಲ್ಲುವುದೇ ಎಂಬ 2013ರ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಪ್ರಕರಣದವರೆಗೂ ಈ ತೀರ್ಪು ಚರ್ಚೆಯಲ್ಲಿತ್ತು.

ಸಾರ್ವಜನಿಕ ಜೀವನ

ಔಷಧಗಳಿಂದ ಶ್ರೀಮಂತರಾದ ತಕಾಮಿನೆ ನ್ಯೂಯಾರ್ಕಿನ ಜಪಾನೀ ಸಮುದಾಯದ ಹಿರಿಯರಾದರು. 1905ರಲ್ಲಿ ನಿಪ್ಪಾನ್ ಕ್ಲಬ್ಬನ್ನೂ 1907ರಲ್ಲಿ ಜಪಾನ್ ಸೊಸೈಟಿಯನ್ನೂ ಕಟ್ಟುವುದರಲ್ಲಿ ಪ್ರಮುಖ ಪಾತ್ರ ವಹಿಸಿದರು. 1904ರ ಸೇಂಟ್ ಲೂಯಿಸ್ ವಿಶ್ವ ಪ್ರದರ್ಶನದ ಜಪಾನೀ ಭವನವನ್ನು ಪಡೆದು, ಬಿಡಿಬಿಡಿಯಾಗಿ ಸಾಗಿಸಿ, ನ್ಯೂಯಾರ್ಕ್ ರಾಜ್ಯದ ಮೆರಿವೋಲ್ಡ್ ಎಂಬಲ್ಲಿ ತಮ್ಮ ಬೇಸಿಗೆಯ ಮನೆಯಾಗಿ ಮರುಜೋಡಿಸಿದರು.

ವಾಷಿಂಗ್ಟನ್ನಿನಲ್ಲಿ ಚೆರ್ರಿ ಮರಗಳನ್ನು ನೆಡಬೇಕೆಂದು ಎಲೈಜಾ ಸಿಡ್ಮೋರ್ ಎಂಬ ಲೇಖಕಿ ಬಹುಕಾಲದಿಂದ ಪ್ರಯತ್ನಿಸುತ್ತಿದ್ದರು. 1909ರಲ್ಲಿ ಅಧ್ಯಕ್ಷರ ಪತ್ನಿ ಹೆಲೆನ್ ಟಾಫ್ಟ್ ಇದನ್ನು ಕೈಗೆತ್ತಿಕೊಂಡಾಗ ತಕಾಮಿನೆ 2000 ಸಸಿಗಳನ್ನು ಕೊಡಲು ಮುಂದಾದರು. ಕೊಡುಗೆ ಟೋಕಿಯೋ ನಗರದ ಹೆಸರಿನಲ್ಲಿರಲೆಂದು ತೀರ್ಮಾನವಾಯಿತು. 1910ರ ಜನವರಿಯಲ್ಲಿ ಬಂದ ಆ ಸಸಿಗಳಲ್ಲಿ ಕೀಟ ಮತ್ತು ರೋಗಗಳು ಕಂಡುಬಂದುದರಿಂದ ಅವುಗಳನ್ನು ಸುಡಬೇಕಾಯಿತು. ಎರಡು ದೇಶಗಳಿಗೂ ಮುಜುಗರ ತಂದ ಈ ಪ್ರಸಂಗದ ನಂತರ ಮತ್ತೆ ಎಚ್ಚರಿಕೆಯಿಂದ ಬೆಳೆಸಿದ 3020 ಸಸಿಗಳು ಬಂದವು. 1912ರ ಮಾರ್ಚ್ 27ರಂದು ಮೊದಲ ಎರಡು ಸಸಿಗಳನ್ನು ನೆಡಲಾಯಿತು. ಅಂದು ಪ್ರಕಟಣೆಗಳಲ್ಲಿ ತಕಾಮಿನೆಯವರ ಹೆಸರು ಮುಂದೆ ಬರಲಿಲ್ಲ.

ಸ್ವದೇಶದ ವಿಜ್ಞಾನದ ಸ್ಥಿತಿ ಅವರನ್ನು ಕಾಡುತ್ತಿತ್ತು. 1913ರಲ್ಲಿ ಜಪಾನಿಗೆ ಭೇಟಿ ನೀಡಿದಾಗ, ಅನುಕರಣೆಯನ್ನು ಬಿಟ್ಟು ಮೂಲ ಸಂಶೋಧನೆಗೆ ರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಬೇಕೆಂದು ಉದ್ಯಮಿಗಳ ಮುಂದೆ ವಾದಿಸಿದರು. ಹಿಂದೆ ಮುನಿಸಿಕೊಂಡಿದ್ದ ಶಿಬುಸಾವಾ ಅವರೇ ಇದನ್ನು ಮುಂದಕ್ಕೆ ಒಯ್ದವರಲ್ಲಿ ಮುಖ್ಯರು. 1917ರಲ್ಲಿ ರಿಕೆನ್ ಎಂಬ ಪ್ರಸಿದ್ಧ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ತಕಾಮಿನೆಯವರಿಗೆ ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾನಿಲಯದ ಡಾಕ್ಟರೇಟ್, 1912ರಲ್ಲಿ ಜಪಾನಿನ ಸಾಮ್ರಾಜ್ಯ ಅಕಾಡೆಮಿಯ ಬಹುಮಾನ ಸಂದವು.

ಇಷ್ಟಾದರೂ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದ ಅಮೆರಿಕದಲ್ಲಿ ಅವರು ಪೌರರಾಗಲಿಲ್ಲ. ಏಷ್ಯಾದಲ್ಲಿ ಹುಟ್ಟಿದವರಿಗೆ ಆ ದೇಶದ ಕಾನೂನು ಪೌರತ್ವವನ್ನು ನಿರಾಕರಿಸಿತ್ತು. ಜಪಾನೀಯರಿಗೆ ಈ ಹಕ್ಕಿಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಜಾವಾ ಪ್ರಕರಣದಲ್ಲಿ ಖಚಿತಪಡಿಸಿದ್ದು ತಕಾಮಿನೆ ತೀರಿಕೊಂಡ ಕೆಲವೇ ತಿಂಗಳ ಮೇಲೆ.

ತೌಡಿನ ವಿಧಾನದ ಮುಂದಿನ ಕಥೆ

ಕೋಜಿಯ ಮದ್ಯಸಾರವನ್ನು ತಕಾಮಿನೆ ಪೂರ್ತಿ ಮರೆತಿರಲಿಲ್ಲ. ತೌಡನ್ನು ನೆಲದ ಮೇಲೆ ಹರಡುವ ಬದಲು ತಿರುಗುವ ದೊಡ್ಡ ಪೀಪಾಯಿಗಳಲ್ಲಿ ಬೂಷ್ಟು ಬೆಳೆಸುವ ಕ್ರಮವನ್ನು ರೂಪಿಸಿ, 1914ರಲ್ಲಿ ಅದನ್ನು ಕುರಿತು ಲೇಖನ ಪ್ರಕಟಿಸಿದರು. ಇದರಿಂದ ಮಗುಚುವ ಕೂಲಿ ಉಳಿದು, ಬಿಸಿಯನ್ನು ಹತೋಟಿಯಲ್ಲಿಡುವುದು ಸುಲಭವಾಯಿತು. ಆದರೂ ಮದ್ಯದ ಉದ್ಯಮ ಮಾಲ್ಟನ್ನು ಬಿಡಲಿಲ್ಲ. ವಿಸ್ಕಿ ಕುಡಿಯುವವರು ಬೆಲೆಗಿಂತ ರುಚಿಯನ್ನು ನೋಡುವವರು. ಕೋಜಿಯಿಂದ ರುಚಿ ತುಸು ಬದಲಾಗುತ್ತಿತ್ತು. ಇಂಧನಕ್ಕೋ ಕಾರ್ಖಾನೆಗೋ ಬೇಕಾದ ಮದ್ಯಸಾರಕ್ಕೆ ಈ ಅಡ್ಡಿಯಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಯೋವಾದ ಸಂಶೋಧಕರು ಮಾಲ್ಟಿಗೆ ಬದಲಾಗಿ ಬೂಷ್ಟಿನ ತೌಡನ್ನು ಮತ್ತೆ ಪರೀಕ್ಷಿಸಿದರು. ಇಂದು ಜೋಳದಿಂದ ಎಥನಾಲ್ ತಯಾರಿಸುವ ಕಾರ್ಖಾನೆಗಳು ಪಿಷ್ಟವನ್ನು ಸಕ್ಕರೆಯಾಗಿಸಲು ಮೊಳಕೆ ಕಾಳನ್ನು ಬಳಸುವುದಿಲ್ಲ. ಸೂಕ್ಷ್ಮಜೀವಿಗಳ ಕಿಣ್ವಗಳನ್ನೇ ಬಳಸುತ್ತವೆ.

ಪಿಯೋರಿಯಾ ನಗರವೂ ಈ ಕಥೆಗೆ ಮತ್ತೆ ಬಂದಿತು. ಬೆಳೆಯ ಹೆಚ್ಚುವರಿ ಮತ್ತು ಉಳಿಕೆಗಳಿಗೆ ಹೊಸ ಉಪಯೋಗ ಹುಡುಕಲೆಂದು ಅಮೆರಿಕದ ಕೃಷಿ ಇಲಾಖೆ ಅಲ್ಲಿ ಪ್ರಯೋಗಾಲಯವೊಂದನ್ನು 1940ರಲ್ಲಿ ತೆರೆಯಿತು. ಮರುವರ್ಷ ಇಂಗ್ಲೆಂಡಿನಿಂದ ಬಂದ ಪೆನಿಸಿಲಿನ್ ಸಂಶೋಧಕರಿಗೆ ನೆರವಾದದ್ದು ಇದೇ ಪ್ರಯೋಗಾಲಯ. ಜೋಳ ನೆನೆಸಿದ ನೀರಿನ ಗಟ್ಟಿಸಾರದಲ್ಲಿ ಬೂಷ್ಟನ್ನು ಬೆಳೆಸಿ ಪೆನಿಸಿಲಿನ್ನಿನ ಇಳುವರಿಯನ್ನು ಅವರು ಹಲವು ಪಟ್ಟು ಹೆಚ್ಚಿಸಿದರು. ಭಾರತದಲ್ಲಿ ಗೋಧಿ ತೌಡಿನಂಥ ಘನ ಪದಾರ್ಥಗಳ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸಿ ಕಿಣ್ವ ಪಡೆಯುವ ಕ್ರಮವನ್ನು ಕುರಿತು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ 1980ರ ದಶಕದಲ್ಲಿ ಮಹತ್ವದ ಅಧ್ಯಯನಗಳು ನಡೆದಿವೆ.

ನಿಧನ

ಕೊನೆಯ ವರ್ಷಗಳಲ್ಲಿ ತಕಾಮಿನೆಯವರ ಆರೋಗ್ಯ ಕುಗ್ಗಿತ್ತು. ಹುಟ್ಟೂರಿನ ಸೀಮೆಯ ಕುರೊಬೆ ನದಿಯಿಂದ ವಿದ್ಯುತ್ತನ್ನು ಪಡೆದು ಅಲ್ಯೂಮಿನಿಯಂ ತಯಾರಿಸುವ ಯೋಜನೆಯಲ್ಲಿ ಆಗಲೂ ತೊಡಗಿದ್ದರು. 1922ರ ಜುಲೈ 22ರಂದು ನ್ಯೂಯಾರ್ಕಿನಲ್ಲಿ ನಿಧನರಾದರು. ಬ್ರಾಂಕ್ಸ್ ಪ್ರದೇಶದ ವುಡ್‌ಲಾನ್ ಸ್ಮಶಾನದಲ್ಲಿ ಇವರ ಸಮಾಧಿ ಇದೆ. ನ್ಯೂಜೆರ್ಸಿಯ ಕ್ಲಿಫ್ಟನ್ನಿನಲ್ಲಿ ಇವರ ಹೆಸರಿನ ಪ್ರಯೋಗಾಲಯ ಅನಂತರವೂ ಹಲವು ದಶಕ ಕಿಣ್ವಗಳನ್ನು ತಯಾರಿಸುತ್ತಿತ್ತು. 1956ರಲ್ಲಿ ಅದನ್ನು ಮೈಲ್ಸ್ ಕಂಪನಿ ಕೊಂಡುಕೊಂಡಿತು.